ಒಂದೇ ಚರಂಡಿ, ನಾಲ್ಕು ಬಿಲ್

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಊರು. ಬಸ್ ಸ್ಟಾಪಿನಿಂದ ಕೆರೆ ಏರಿವರೆಗೆ ಚರಂಡಿ ಕಟ್ಟಿದ್ದಾರೆ. ಟೆಂಡರ್ ಕರೆದೇ ಇಲ್ಲ. ಕೇಳಿದರೆ, ‘ಐದು ಲಕ್ಷದೊಳಗಿನ ತುಂಡು ಗುತ್ತಿಗೆ, ಟೆಂಡರ್ ಬೇಕಿಲ್ಲ’ ಅಂತಾರೆ. ಆದರೆ ಸಾಲಾಗಿ ನಾಲ್ಕು ಬೋರ್ಡ್ ಇವೆ, ನಾಲ್ಕರಲ್ಲೂ 4.90 ಲಕ್ಷ! ಮಳೆ ಬಂದರೆ ನೀರು ಮುಂದಕ್ಕೇ ಹೋಗಲ್ಲ. ಇದು ಸರಿನಾ ಸಾರ್?
– ಒಬ್ಬ ಓದುಗ, ಮಳವಳ್ಳಿ

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ನಮ್ಮಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಇಂಜಿನಿಯರ್ ಆಗಿದ್ದಾಗ ನಾವೆಲ್ಲ ‘ಕೆಟಿಪಿಪಿ’ ಅಂತಲೇ ಕರೆಯುತ್ತಿದ್ದೆವು. ಅದರ 4ನೇ ಸೆಕ್ಷನ್ ಕೆಲವಕ್ಕೆ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ಸಣ್ಣ ಕಾಮಗಾರಿ ಅದರಲ್ಲಿ ಒಂದು. ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿ ಇನ್ನೊಂದು. ಇದು ಬೇಕು ಕೂಡ. ಪ್ರವಾಹ ಬಂದು ಗದ್ದೆಗೆ ನೀರು ನುಗ್ಗುತ್ತಿರುವಾಗ ಟೆಂಡರ್ ಕರೆದು ಕೂರೋಕೆ ಆಗುತ್ತಾ? ಬೇರೆ ಯಾರೂ ಮಾರದ ಸಾಮಾನಿಗೂ ವಿನಾಯಿತಿ ಇದೆ. 4(ಜಿ) ಅಡಿಯಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವುದೂ ಉಂಟು. ಜಗಳ ಜಾಸ್ತಿ ಆಗೋದು ಅಲ್ಲೇ.

ಆದರೆ ಟೆಂಡರ್ ತಪ್ಪಿಸಲೆಂದೇ ಒಂದು ಕೆಲಸವನ್ನು ತುಂಡು ಮಾಡುವಂತಿಲ್ಲ. ನಾಲ್ಕು 4.90 ಅಂದರೆ 19.60 ಲಕ್ಷ. ಟೆಂಡರ್ ಕರೆದಿದ್ದರೆ ಯಾರಾದರೂ ಎಸ್.ಆರ್. (ಇಲಾಖೆಯ ದರಪಟ್ಟಿ) ದರಕ್ಕಿಂತ ‘ಬಿಲೋ’, ಅಂದರೆ ಕಡಿಮೆ ರೇಟು ಹಾಕುತ್ತಿದ್ದರೋ ಏನೋ. ಈಗ ಎಸ್ಟಿಮೇಟಿನಲ್ಲಿ ಬರೆದಿದ್ದೇ ಬಿಲ್. ಟೆಂಡರಿನಲ್ಲೂ ಮೂವರು ಒಳಗೊಳಗೇ ಮಾತಾಡಿಕೊಂಡು ರೇಟು ಹಾಕುತ್ತಾರೆ, ಅದೇನು ಗುಟ್ಟಲ್ಲ. ಆದರೂ ಅಲ್ಲಿ ನಾಲ್ಕು ಜನ ನೋಡುವ ಕಾಗದ ಉಳಿಯುತ್ತದೆ.

ನನಗೆ ದುಡ್ಡಿಗಿಂತ ಜಾಸ್ತಿ ಸಿಟ್ಟು ಬರೋದು ನಿಮ್ಮ ನೀರಿನ ವಿಷಯಕ್ಕೆ. ಚರಂಡಿಗೆ ಶುರುವಿನಿಂದ ಕೊನೆವರೆಗೆ ಒಂದೇ ಇಳಿಜಾರು ಬೇಕು. ತುಂಡು ಮಾಡಿದರೆ ಒಬ್ಬೊಬ್ಬರೂ ತಮ್ಮ ತುಂಡಿಗೆ ಮಾತ್ರ ಲೆವೆಲ್ ನೋಡುತ್ತಾರೆ. ಜಾಯಿಂಟಿನಲ್ಲಿ ಮುಂದಿನ ತುಂಡಿನ ತಳ ಎರಡು ಇಂಚು ಎದ್ದಿದ್ದರೂ ಸಾಕು, ಹಿಂದಿನದೆಲ್ಲ ಕೆಸರುಗುಂಡಿ. ಬೋರ್ಡ್ ಇರುವ ಜಾಗಗಳಲ್ಲೇ ಕೋಲು ಇಳಿಸಿ ನೋಡಿ, ಹೂಳು ಅಲ್ಲೇ ಸಿಗಬಹುದು. ಕೇಳಿದರೆ ಒಬ್ಬರು ಇನ್ನೊಬ್ಬರ ತುಂಡನ್ನು ತೋರಿಸುತ್ತಾರೆ.

ಸುಮ್ನೆ ಕೂಗಾಡಬೇಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ನಾಲ್ಕೂ ಎಸ್ಟಿಮೇಟ್, ವರ್ಕ್ ಆರ್ಡರ್, ಎಂ.ಬಿ. ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪ್ರತಿ ಕೇಳಿ. ಉತ್ತರಕ್ಕೆ 30 ದಿನ ಗಡುವು. ವರ್ಕ್ ಆರ್ಡರುಗಳ ತಾರೀಖು, ಗುತ್ತಿಗೆದಾರನ ಹೆಸರು ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕೂ ಒಂದೇ ದಿನದ್ದಾದರೆ ತುಂಡು ಮಾಡಿದ್ದಕ್ಕೆ ಅದಕ್ಕಿಂತ ಒಳ್ಳೆ ಕಾಗದ ಬೇಕಿಲ್ಲ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ 2005ರ ಆ ಕಾಯ್ದೆಯಲ್ಲಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಜೊತೆಗೆ, ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಂಡ ಭದ್ರತಾ ಠೇವಣಿ, ಅಂದರೆ ಎಫ್‌ಎಸ್‌ಡಿ ವಾಪಸ್ ಕೊಟ್ಟಾಯ್ತಾ ಅಂತಲೂ ಕೇಳಿ. ಇನ್ನೂ ಕೊಟ್ಟಿಲ್ಲ ಅಂದರೆ, ಜಾಯಿಂಟ್ ಒಡೆಸಿ ಲೆವೆಲ್ ಸರಿ ಮಾಡಿಸುವವರೆಗೆ ಅದನ್ನು ತಡೆಹಿಡಿಯಿರಿ ಎಂದು ಕಾರ್ಯಪಾಲಕ ಇಂಜಿನಿಯರಿಗೆ ಇವತ್ತೇ ಬರೆದುಕೊಡಿ, ಸ್ವೀಕೃತಿ ತಗೊಳ್ಳಿ.