ಲೆಕ್ಕ ಗೊತ್ತು ಮೇಷ್ಟ್ರೇ, ಮಾರ್ಕ್ಸ್ ಮಾತ್ರ ಬರಲ್ಲ

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ಮಗಳು ಹೈಸ್ಕೂಲಲ್ಲಿದಾಳೆ, ಇನ್ನು ಮೂರು ವಾರಕ್ಕೆ ಬೀಜಗಣಿತದ ಟೆಸ್ಟ್. ದಿನಾ ಎರಡು ಗಂಟೆ ಕೂರ್ತಾಳೆ, ವಿಡಿಯೋ ನೋಡ್ತಾಳೆ, ನೋಟ್ಸಲ್ಲಿರೋ ಲೆಕ್ಕ ಎಲ್ಲಾ ಓದ್ತಾಳೆ, ಕೇಳಿದ್ರೆ ಎಲ್ಲಾ ಗೊತ್ತಮ್ಮ ಅಂತಾಳೆ. ಹೋದ ಸಲ 25ಕ್ಕೆ 11 ಬಂತು. ಪೇಪರ್ ತೆಗೆದು ನೋಡಿದ್ರೆ ಒಂದು ಲೆಕ್ಕನೂ ಬಿಟ್ಟಿಲ್ಲ, ಎಲ್ಲಾ ಶುರು ಮಾಡಿದಾಳೆ, ಅರ್ಧಕ್ಕರ್ಧ ನಡುದಾರೀಲಿ ಕೆಟ್ಟಿದೆ. ಟ್ಯೂಷನ್‌ಗೆ ಹಾಕ್ಬೇಕಾ? - ಒಬ್ಬ ತಾಯಿ

ಉತ್ತರ: ನಮಸ್ಕಾರ ಅಮ್ಮ. ನಿಮ್ಮ ಪತ್ರದಲ್ಲೇ ಉತ್ತರ ಇದೆ ನೋಡಿ, "ಲೆಕ್ಕ ಓದ್ತಾಳೆ" ಅಂತ ಬರ್ದಿದೀರಲ್ಲ, ಅದೇ. ಬಿಡಿಸಿಟ್ಟಿರೋ ಲೆಕ್ಕ ಓದೋವಾಗ ಪ್ರತಿ ಸ್ಟೆಪ್ಪೂ ಹೌದಲ್ವಾ ಅನ್ಸುತ್ತೆ, ಯಾಕಂದ್ರೆ ಮುಂದೇನು ಮಾಡ್ಬೇಕು ಅನ್ನೋದನ್ನ ಬೇರೆ ಯಾರೋ ಆಗ್ಲೇ ತೀರ್ಮಾನ ಮಾಡಿ ಬರ್ದಿರ್ತಾರೆ. ಬೀಜಗಣಿತದಲ್ಲಿ ಕಷ್ಟದ ಕೆಲಸ ಅಂದ್ರೆ ಆ ತೀರ್ಮಾನವೇ. ಮಿಕ್ಕಿದ್ದು ಕೂಡೋದು ಕಳೆಯೋದು. ಹಾಗಾಗಿ ನಿಮ್ಮ ಮಗಳು ಎರಡು ಗಂಟೆ ಕೂತ್ರೂ ಕಷ್ಟದ ಕೆಲಸ ಒಂದ್ಸಲನೂ ಮಾಡಿಲ್ಲ, ಪಾಪ ಅದು ಅವಳಿಗೂ ಗೊತ್ತಿಲ್ಲ.

ಇವತ್ತಿಂದ ಹೀಗೆ ಮಾಡಿಸಿ. ನೋಟ್ಸಲ್ಲಿರೋ ಲೆಕ್ಕದ ಪ್ರಶ್ನೆ ಮಾತ್ರ ಒಂದು ಹಾಳೆಗೆ ಬರ್ಕೊಂಡು ನೋಟ್ಸ್ ಮುಚ್ಚಿ ಬಿಡಿಸ್ಲಿ. ಸಿಕ್ಕಾಕೊಂಡ್ರೆ ತೆಗೆದು ಒಂದೇ ಒಂದು ಸಾಲು ನೋಡಿ ಮತ್ತೆ ಮುಚ್ಚಲಿ, ಯಾವ ಸಾಲಿಗೆ ನೋಡ್ಬೇಕಾಯ್ತೋ ಅಲ್ಲಿ ಒಂದು ಗುರುತು ಹಾಕ್ಲಿ, ಮಾರನೇ ದಿನ ಅದೇ ಲೆಕ್ಕನ ಅಂಕಿ ಬದಲಾಯಿಸಿ ಇನ್ನೊಂದ್ಸಲ ಮಾಡ್ಲಿ. ಇದರಿಂದ ಎರಡು ಗಂಟೇಲಿ ಇಪ್ಪತ್ತು ಲೆಕ್ಕ ಆಗ್ತಿದ್ದಿದ್ದು ಏಳೆಂಟಕ್ಕೆ ಇಳಿಯುತ್ತೆ, ಅವಳಿಗೆ ಸಿಟ್ಟು ಬರುತ್ತೆ, ನೀವು ಗಾಬರಿ ಆಗ್ಬೇಡಿ.

ಇನ್ನೊಂದು ವಿಷ್ಯ, ಹೋದ ಟೆಸ್ಟ್ ಪೇಪರ್ ಎಸೀಬೇಡಿ. ಈಗ ಅವಳಿಗೆ ಅದಕ್ಕಿಂತ ಒಳ್ಳೇ ಪುಸ್ತಕ ಇಲ್ಲ. ತಪ್ಪಾದ ಪ್ರತಿ ಲೆಕ್ಕದಲ್ಲೂ ಯಾವ ಸಾಲಲ್ಲಿ ಮೊದಲು ಕೆಟ್ಟಿತು ಅಂತ ಹುಡುಕಿ ಕೆಂಪು ಪೆನ್ನಲ್ಲಿ ಗೆರೆ ಎಳೀಲಿ. ನಾನು ಇಷ್ಟು ವರ್ಷ ಪೇಪರ್ ತಿದ್ದಿದ್ದರಲ್ಲಿ ಹೇಳೋದಾದ್ರೆ ಮಕ್ಕಳು ನೂರು ಥರ ತಪ್ಪು ಮಾಡಲ್ಲ, ಒಂದೊಂದು ಮಗುಗೂ ಮೂರೋ ನಾಲ್ಕೋ ಖಾಯಂ ತಪ್ಪು ಇರುತ್ತೆ, ಅದೇ ತಿರುಗಿ ತಿರುಗಿ ಬರುತ್ತೆ. ಅದರಲ್ಲಿ ಮೊದಲನೇದು ಬ್ರಾಕೆಟ್ ಹಿಂದಿರೋ ಮೈನಸ್ಸು. ನೋಡಿ,

3ಎಕ್ಸ್ − 2(ಎಕ್ಸ್ − 5) = 14

ಬ್ರಾಕೆಟ್ ಬಿಚ್ಚಿದ್ರೆ 3ಎಕ್ಸ್ − 2ಎಕ್ಸ್ + 10 = 14, ಎಕ್ಸ್ ಬೆಲೆ 4. ಆದ್ರೆ ಅರ್ಧ ಕ್ಲಾಸು +10 ಬದಲು −10 ಬರ್ದು 24 ಅಂತ ಉತ್ತರ ಕೊಡುತ್ತೆ. ಋಣ ಸಂಖ್ಯೇನ ಋಣ ಸಂಖ್ಯೆಯಿಂದ ಗುಣಿಸಿದ್ರೆ ಧನ ಅಂತ 628ರಲ್ಲೇ ಬ್ರಹ್ಮಗುಪ್ತ ನಿಯಮ ಬರ್ದಿಟ್ಟಿದ್ದಾನೆ, ನಾವು ಇವತ್ತಿಗೂ ಅಲ್ಲೇ ಜಾರಿ ಬೀಳೋದು. ನಿಯಮ ಎಲ್ಲರಿಗೂ ಗೊತ್ತು, ಕೈ ಅವಸರ ಮಾಡುತ್ತೆ ಅಷ್ಟೆ. ಮದ್ದು ಏನಂದ್ರೆ ಬಂದ ಉತ್ತರನ ಮೊದಲನೇ ಸಾಲಿಗೇ ಹಾಕಿ ನೋಡೋದು. 4 ಹಾಕಿದ್ರೆ 12 − 2(−1), ಅಂದ್ರೆ 14, ಸರಿಹೋಯ್ತು. 24 ಹಾಕಿದ್ರೆ 72 − 38 = 34, ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತೆ. ಅರ್ಧ ನಿಮಿಷದ ಕೆಲಸ. ಬೇರೆ ಯಾವ ಸಬ್ಜೆಕ್ಟಲ್ಲಿ ನಮ್ಮ ಉತ್ತರ ಸರಿನಾ ಅಂತ ಪರೀಕ್ಷೆ ಹಾಲಲ್ಲೇ ಕೂತು ಖಾತ್ರಿ ಮಾಡ್ಕೊಬಹುದು ಹೇಳಿ? ಆದ್ರೂ ಯಾರೂ ಮಾಡಲ್ಲ, ನನಗೆ ಇದು ಇನ್ನೂ ಅರ್ಥ ಆಗದೇ ಇರೋ ವಿಷ್ಯ.

ಕೊನೇ ವಾರ ಬೇರೆ ಬೇರೆ ಪಾಠದ ಲೆಕ್ಕಗಳನ್ನ ಚೀಟೀಲಿ ಬರ್ದು ಡಬ್ಬಿಗೆ ಹಾಕಿ, ಕೈಗೆ ಬಂದಿದ್ದನ್ನ ಬಿಡಿಸ್ಲಿ. ಪುಸ್ತಕದ ಅಭ್ಯಾಸದಲ್ಲಿ ಪಾಠದ ಹೆಸರೇ ಯಾವ ವಿಧಾನ ಅಂತ ಹೇಳ್ಬಿಡುತ್ತೆ, ಟೆಸ್ಟಲ್ಲಿ ಯಾರು ಹೇಳ್ತಾರೆ. ಟ್ಯೂಷನ್ ಬಗ್ಗೆ ಒಂದು ವಾರ ಇದನ್ನ ಮಾಡಿಸಿ ನೋಡಿದ್ಮೇಲೆ ಯೋಚ್ನೆ ಮಾಡಿ. ಅಲ್ಲೂ ಯಾರೋ ಬೋರ್ಡ್ ಮೇಲೆ ಬಿಡಿಸಿ ಇವಳು ಕಾಪಿ ಮಾಡ್ಕೊಂಡು ಬರೋ ಹಾಗಿದ್ರೆ ದುಡ್ಡು ದಂಡ.

ಪ್ರಶ್ನೆ: ಸರ್, ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಮಾಡಿದೀನಿ, ಪರೀಕ್ಷೇಲಿ ಮರೆತ್ರೆ ಅಂತ ಭಯ. ವರ್ಗ ಪೂರ್ಣಗೊಳಿಸೋ ವಿಧಾನದಲ್ಲಿ ಭಿನ್ನರಾಶಿ ಬಂದು ತಲೆ ಕೆಡುತ್ತೆ. - ವಿದ್ಯಾರ್ಥಿ

ಉತ್ತರ: ಮರಿ, ನಿನಗೆ ಹಳೇ ಉಪಾಯ ಒಂದು ಹೇಳ್ಕೊಡ್ತೀನಿ. ಶ್ರೀಧರ ಅಂತ ಒಬ್ಬ ಗಣಿತಜ್ಞ ಇದ್ದ, ಸಾವಿರ ವರ್ಷಕ್ಕೂ ಹಿಂದೆ. ಅವನ ಈ ವಿಧಾನ ನಮಗೆ ಸಿಕ್ಕಿರೋದು ಆಮೇಲೆ ಬಂದ ಭಾಸ್ಕರಾಚಾರ್ಯ ಅದನ್ನ ಎತ್ತಿ ಹೇಳಿರೋದ್ರಿಂದ. ಭಾಗಿಸಿದ್ರೆ ತಾನೇ ಭಿನ್ನರಾಶಿ ಬರೋದು, ಅವನು ಭಾಗಿಸೋ ಬದಲು ಗುಣಿಸಿದ. ವರ್ಗದ ಪದದ ಹಿಂದಿರೋ ಸಂಖ್ಯೆಯ ನಾಲ್ಕರಷ್ಟರಿಂದ ಇಡೀ ಸಮೀಕರಣ ಗುಣಿಸ್ಬೇಕು.

3ಎಕ್ಸ್² + 5ಎಕ್ಸ್ − 2 = 0 ತಗೋ. 12ರಿಂದ ಗುಣಿಸು, 36ಎಕ್ಸ್² + 60ಎಕ್ಸ್ = 24 ಆಗುತ್ತೆ. ಮಧ್ಯದ ಸಂಖ್ಯೆ 5 ಇತ್ತಲ್ಲ, ಅದರ ವರ್ಗ 25 ಎರಡೂ ಕಡೆ ಸೇರಿಸು, ಎಡಗಡೆ ತಾನಾಗೇ (6ಎಕ್ಸ್ + 5)² ಆಗುತ್ತೆ, ಬಲಗಡೆ 49. ವರ್ಗಮೂಲ ತೆಗೆದ್ರೆ 6ಎಕ್ಸ್ + 5 ಅನ್ನೋದು 7 ಇಲ್ಲಾ −7. ಎಕ್ಸ್ ಬೆಲೆ 1/3 ಅಥವಾ −2. ಕೊನೇ ಸಾಲಿನ ತನಕ ಒಂದು ಭಿನ್ನರಾಶಿನೂ ಇಣುಕಲ್ಲ. ಇದನ್ನೇ ಅಂಕಿ ಬದಲು ಎ, ಬಿ, ಸಿ ಇಟ್ಟು ಒಂದ್ಸಲ ಮಾಡಿ ನೋಡು, ನೀನು ಬಾಯಿಪಾಠ ಮಾಡಿರೋ ಸೂತ್ರನೇ ಹೊರಗೆ ಬರುತ್ತೆ, ಆಮೇಲೆ ಮರೆತ್ರೂ ಎರಡು ನಿಮಿಷದಲ್ಲಿ ಹುಟ್ಟಿಸ್ಕೊಬಹುದು. ಪ್ರಶ್ನೇಲಿ ಇಂಥದೇ ವಿಧಾನ ಅಂತ ಕೇಳಿದ್ರೆ ಮಾತ್ರ ಕೇಳಿದ್ದನ್ನೇ ಮಾಡು.

ಹಾಂ, ಎಕ್ಸ್² = 5ಎಕ್ಸ್ ಅಂತ ಬಂದ್ರೆ ಎರಡೂ ಕಡೆ ಎಕ್ಸ್ ಹೊಡೆದುಹಾಕಿ 5 ಅಂತ ಬರ್ದು ಕೈ ತೊಳ್ಕೊಬೇಡ. 0 ಕೂಡ ಉತ್ತರ. ಸೊನ್ನೆ ಇರಬಹುದಾದ್ದರಿಂದ ಭಾಗಿಸ್ಬಾರದು ಅನ್ನೋದಕ್ಕೇ ಆ ಲೆಕ್ಕ ಕೊಡೋದು.

ಪ್ರಶ್ನೆ: ಸಮೀಕರಣ ಕೊಟ್ರೆ ಬಿಡಿಸ್ತೀನಿ, ಕಥೆ ಥರ ಕೊಟ್ರೆ ಬಿಟ್ಬಿಡ್ತೀನಿ. ಏನ್ ಮಾಡ್ಲಿ?

ಉತ್ತರ: ಒಂದು ಲೆಕ್ಕ ನೋಡು. ಅಪ್ಪನ ವಯಸ್ಸು ಮಗನ ವಯಸ್ಸಿನ 3 ಪಟ್ಟು, 12 ವರ್ಷ ಆದ್ಮೇಲೆ 2 ಪಟ್ಟು ಆಗುತ್ತೆ, ಈಗ ಎಷ್ಟು? ತುಂಬಾ ಜನ 3ಎಕ್ಸ್ + 12 = 2ಎಕ್ಸ್ ಅಂತ ಬರೀತಾರೆ. ಅಪ್ಪನಿಗೆ 12 ವರ್ಷ ಸೇರಿಸಿದ್ರು, ಮಗ ಪಾಪ ಹಾಗೇ ನಿಂತ! ಉತ್ತರ −12 ಬರುತ್ತೆ, ಹುಡುಗ ಹುಟ್ಟೋಕೆ ಇನ್ನೂ 12 ವರ್ಷ ಇದೆ ಅಂತ, ಅದನ್ನೂ ಹಾಗೇ ಬರ್ದು ಡಬಲ್ ಗೆರೆ ಎಳೆದು ಬರೋರನ್ನ ನೋಡಿದೀನಿ. ಸರಿಯಾಗಿ 3ಎಕ್ಸ್ + 12 = 2(ಎಕ್ಸ್ + 12), ಮಗನಿಗೆ 12, ಅಪ್ಪನಿಗೆ 36.

ಸಮೀಕರಣ ಬರೆಯೋಕೆ ಮುಂಚೆ ಒಂದು ಅಂದಾಜು ಉತ್ತರ ಇಟ್ಕೊಂಡು ಕಥೆ ನಡೆಸಿ ನೋಡು. ಮಗನಿಗೆ 10 ಅನ್ಕೋ, ಅಪ್ಪನಿಗೆ 30, ಆಮೇಲೆ 22 ಮತ್ತು 42, 22ರ 2 ಪಟ್ಟು 44, ಸರಿಹೋಗಲಿಲ್ಲ. ಪರವಾಗಿಲ್ಲ, ನೀನು ಈಗ ಏನೇನು ಮಾಡಿದ್ಯೋ ಅದನ್ನೇ 10 ಇದ್ದ ಕಡೆ ಎಲ್ಲಾ ಎಕ್ಸ್ ಇಟ್ಟು ಬರೆದ್ರೆ ಸಮೀಕರಣ ರೆಡಿ. ಎಕ್ಸ್ ಅಂದ್ರೆ ಏನು ಅಂತ ಮೊದಲನೇ ಸಾಲಲ್ಲಿ ಪೂರ್ತಿ ವಾಕ್ಯದಲ್ಲಿ ಬರಿ, "ಎಕ್ಸ್ = ಮಗ" ಅಂತಲ್ಲ, "ಮಗನ ಈಗಿನ ವಯಸ್ಸು ಎಕ್ಸ್ ವರ್ಷ" ಅಂತ.

ಪ್ರಶ್ನೆ: ಪರೀಕ್ಷೆ ಹಿಂದಿನ ರಾತ್ರಿ ಎಷ್ಟು ಗಂಟೆ ತನಕ ಓದ್ಬೇಕು? ಹಾಲಲ್ಲಿ ತಲೆ ಖಾಲಿ ಆಗ್ಬಿಟ್ರೆ?

ಉತ್ತರ: ದಿನಾ ಮಲಗೋ ಹೊತ್ತಿಗೇ ಮಲಗು. ಅವತ್ತು ಹೊಸ ಲೆಕ್ಕ ಮುಟ್ಟಬೇಡ, ನಿನ್ನ ಕೆಂಪು ಗೆರೆ ತಪ್ಪುಗಳನ್ನ ಒಂದ್ಸಲ ತಿರುವಿ ಹಾಕು ಸಾಕು. ಹಾಲಲ್ಲಿ ಮೊದಲನೇ ಪ್ರಶ್ನೆಯಿಂದಲೇ ಶುರು ಮಾಡ್ಬೇಕು ಅಂತ ಏನಿಲ್ಲ, ಪೂರ್ತಿ ಪೇಪರ್ ಓದಿ ಕೈಗೆ ಸುಲಭವಾಗಿ ಬರೋದನ್ನ ಮೊದಲು ಮುಗಿಸು. ತಲೆ ಖಾಲಿ ಅನ್ಸಿದ್ರೆ ಕೊಟ್ಟಿರೋದನ್ನೇ ನೋಡ್ಕೊಂಡು ಒಂದು ಸಾಲು ಬರಿ, ಬ್ರಾಕೆಟ್ ಇದ್ರೆ ಬಿಚ್ಚು, ಛೇದ ಇದ್ರೆ ತೆಗಿ. ತಪ್ಪಾಯ್ತು ಅಂತ ಗೊತ್ತಾದ್ರೂ ಹೊಸದು ಬರೆದು ಮುಗಿಸೋ ತನಕ ಹಳೇದನ್ನ ಹೊಡೆದುಹಾಕ್ಬೇಡ, ಸ್ಟೆಪ್ಪಿಗೆ ಮಾರ್ಕ್ಸ್ ಇರೋ ಪೇಪರಲ್ಲಿ ಆ ಅರ್ಧ ಲೆಕ್ಕಕ್ಕೂ ಏನಾದ್ರೂ ಸಿಗಬಹುದು.