ಓಡಲು ಹೊರಟವರ ಕಾಲುನೋವು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೊಸದಾಗಿ ಓಡಲು ಶುರು ಮಾಡಿದವರದ್ದೇ ಹೆಚ್ಚು. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ವಯಸ್ಸು 38, ಕೂತು ಮಾಡುವ ಕೆಲಸ. ಭಾನುವಾರ ಮೊದಲ ಸಲ ಎರಡು ಕಿ.ಮೀ. ನಿಲ್ಲದೆ ಓಡಿದೆ. ಅವತ್ತು ಏನೂ ಅನ್ನಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಮೆಟ್ಟಿಲು ಇಳಿಯಲಾರದಷ್ಟು ತೊಡೆ, ಮೀನಖಂಡ ಹಿಡಿದುಕೊಂಡಿವೆ. ಲ್ಯಾಕ್ಟಿಕ್ ಆಸಿಡ್ ಸೇರಿದೆ, ಇನ್ನಷ್ಟು ಓಡಿ ಕರಗಿಸು ಎನ್ನುತ್ತಾರೆ ಗೆಳೆಯರು. ಓಡಲೇ? — ತುಮಕೂರು

ಉತ್ತರ: ಬೇಡ. ಲ್ಯಾಕ್ಟಿಕ್ ಆಸಿಡ್ ಮೇಲಿನ ಈ ಆಪಾದನೆ ತುಂಬ ಹಳೆಯದು, ಆದರೆ ಸುಳ್ಳು. ಸ್ನಾಯು ದುಡಿಯುವಾಗ ಹುಟ್ಟುವ ಈ ವಸ್ತು (ಲ್ಯಾಕ್ಟೇಟ್) ಓಟದಲ್ಲಿ ಏರಿದರೂ, ನಿಂತ ಒಂದು ಗಂಟೆಯ ಆಸುಪಾಸಿನಲ್ಲೇ ಇಳಿದಿರುತ್ತದೆ. ಮಂಗಳವಾರದ ನೋವಿಗೆ ಅದು ಕಾರಣವಾಗಲಾರದು. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗ ತೊಡೆಯ ಸ್ನಾಯು ಒಂದೇ ಹೊತ್ತಿಗೆ ಹಿಗ್ಗುತ್ತ ಭಾರವನ್ನೂ ತಡೆಯಬೇಕು. ರೂಢಿಯಿಲ್ಲದ ಸ್ನಾಯುವಿನ ಎಳೆಗಳು ಆಗ ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ರಿಪೇರಿ ನಡೆಯುವಾಗಿನ ನೋವು ಇದು. 12ರಿಂದ 24 ಗಂಟೆಯಲ್ಲಿ ಶುರುವಾಗಿ, ಎರಡನೇ ಅಥವಾ ಮೂರನೇ ದಿನ ಜೋರಾಗಿ, ವಾರದೊಳಗೆ ಹೋಗುತ್ತದೆ. ಇಳಿಜಾರಿನಲ್ಲಿ ಓಡಿದ್ದರೆ ಇನ್ನೂ ಹೆಚ್ಚು ಕಾಡುತ್ತದೆ.

ಎರಡೂ ಕಾಲು ಹೆಚ್ಚೂಕಡಿಮೆ ಒಂದೇ ಸಮ ನೋಯುತ್ತಿದ್ದು, ಒತ್ತಿದರೆ ಮಾಂಸಖಂಡದಲ್ಲೇ ನೋವಿದ್ದು, ಹತ್ತು ನಿಮಿಷ ನಡೆದಾಗ ಹಗುರಾದರೆ ಹೆದರಬೇಕಿಲ್ಲ. ದಿನಾ 20–30 ನಿಮಿಷ ನಡೆಯಿರಿ, ಬಿಸಿನೀರು ಹಾಕಿಕೊಳ್ಳಿ. ಬಲವಂತವಾಗಿ ಎಳೆದು ಸ್ಟ್ರೆಚ್ ಮಾಡುವುದರಿಂದ ಈ ನೋವು ಬೇಗ ಹೋಗುವುದಿಲ್ಲ. ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುವಂತಾದ ಮೇಲೆ ಮತ್ತೆ ಓಡಿ. ಅದೇ ದೂರಕ್ಕೆ ಎರಡನೇ ಸಲ ನೋವು ಅರ್ಧಕ್ಕರ್ಧ ಕಡಿಮೆ ಎನ್ನಿಸಿದರೆ ಆಶ್ಚರ್ಯಪಡಬೇಡಿ, ಸ್ನಾಯು ಅಷ್ಟು ಬೇಗ ಕಲಿಯುತ್ತದೆ.

ಈ ಎರಡು ಲಕ್ಷಣಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಅತಿಯಾಗಿ ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದರ್ಥ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ದೀರ್ಘ ಪ್ರಯಾಣವಾದ ಮೇಲೆ ಹೀಗಾಗಿದ್ದರೆ ಇನ್ನೂ ಹೆಚ್ಚು ಅನುಮಾನಿಸಬೇಕು. ಅಂಥ ಕಾಲನ್ನು ತಿಕ್ಕಬಾರದು.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ತಿಂಗಳಿಂದ ದಿನಾ ಡಾಂಬರು ರಸ್ತೆಯಲ್ಲಿ ಸಾಧ್ಯವಾದಷ್ಟು ವೇಗವಾಗಿ ಓಡುತ್ತಿದ್ದೇನೆ. ಮಂಡಿಯ ಕೆಳಗೆ, ಎಲುಬಿನ ಒಳಬದಿಯಲ್ಲಿ ಎರಡೂ ಕಾಲು ನೋವು. ಮೊದಲೆಲ್ಲ ಓಡುತ್ತಾ ಓಡುತ್ತಾ ಹೋಗಿಬಿಡುತ್ತಿತ್ತು, ಈಗ ಮನೆಗೆ ಬಂದ ಮೇಲೂ ಇರುತ್ತದೆ. ಉಸಿರಿಗೆ ಏನೂ ತೊಂದರೆಯಿಲ್ಲ. ಪರೀಕ್ಷೆಗೆ ಎರಡೂವರೆ ತಿಂಗಳಿದೆ. — ಹಾವೇರಿ

ಉತ್ತರ: ‘ಉಸಿರಿಗೆ ತೊಂದರೆಯಿಲ್ಲ’ ಎಂದಿದ್ದೀರಲ್ಲ, ತೊಡಕು ಇರುವುದೇ ಅಲ್ಲಿ. ಎದೆ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಎಲುಬಿಗೆ ಅಷ್ಟು ಅವಸರವಿಲ್ಲ. ಹೊಸ ಭಾರ ಬಿದ್ದ ಜಾಗದಲ್ಲಿ ದೇಹ ಮೊದಲು ಹಳೆಯ ಎಲುಬನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಗೋಡೆಯ ಹಳೆ ಗಾರೆ ಕಿತ್ತು ಹೊಸದು ಮೆತ್ತುವ ಹಾಗೆ. ಕೀಳುವುದು ಕೆಲವು ವಾರದ ಕೆಲಸ, ತುಂಬಿ ಗಟ್ಟಿಯಾಗಲು ಮೂರು-ನಾಲ್ಕು ತಿಂಗಳು ಬೇಕು. ಹಾಗಾಗಿ ತರಬೇತಿ ಶುರುವಾದ ಮೊದಲ ತಿಂಗಳು ಎರಡು ತಿಂಗಳಲ್ಲಿ ಎಲುಬು ಮೊದಲಿಗಿಂತ ತುಸು ದುರ್ಬಲವೇ ಆಗಿರುತ್ತದೆ. ಉಸಿರು ಸಲೀಸಾಗಿ, ಹುಮ್ಮಸ್ಸು ಬಂದು, ವೇಗ ಏರಿಸುವುದೂ ಆಗಲೇ. ಸೇನೆ, ಪೊಲೀಸ್ ತರಬೇತಿಗೆ ಸೇರಿದ ಹೊಸಬರ ಕಾಲು ಕೆಡುವುದು ಹೆಚ್ಚಾಗಿ ಹೀಗೆಯೇ.

ನಿಮ್ಮ ವಿವರಣೆ ಶಿನ್ ಸ್ಪ್ಲಿಂಟ್ಸ್‌ಗೆ, ಅಂದರೆ ಓಟದ ಹೊರೆಯಿಂದ ಮಂಡಿಯ ಕೆಳಗಿನ ಎಲುಬಿನ ಒಳ ಅಂಚು ಕೆರಳಿ ನೋಯುವುದಕ್ಕೆ, ಹೊಂದುತ್ತದೆ. ಇದೇ ದಾರಿಯಲ್ಲಿ ಮುಂದೆ ಸಿಗುವುದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಎಲುಬಿನ ಕೂದಲೆಳೆ ಬಿರುಕು. ಯಾವುದು ಎಂದು ತಿಳಿಯಲು ಹೀಗೆ ಮಾಡಿ. ಕುರ್ಚಿಯಲ್ಲಿ ಕೂತು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಡಿ. ಪಾದದ ಕೀಲಿನ ಒಳಗುಬ್ಬಿಯಿಂದ ಶುರುಮಾಡಿ, ಎಲುಬಿನ ಒಳ ಅಂಚಿನ ಗುಂಟ ಹೆಬ್ಬೆರಳಿನಿಂದ ಒಂದೊಂದೇ ಅಂಗುಲ ಒತ್ತುತ್ತ ಮೇಲೆ ಬನ್ನಿ. ನಾಲ್ಕು ಬೆರಳಗಲಕ್ಕಿಂತ ಉದ್ದಕ್ಕೆ ನೋವು ಹರಡಿದ್ದರೆ ಶಿನ್ ಸ್ಪ್ಲಿಂಟ್ಸ್. ಬೇರೆಲ್ಲೂ ಇಲ್ಲದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಜೀವ ಹೋಗುವಂತೆ ನೋಯುತ್ತಿದ್ದರೆ, ಒಂಟಿಕಾಲಲ್ಲಿ ಒಂದೆರಡು ಸಲ ಕುಪ್ಪಳಿಸಲೂ ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಬಿರುಕು ಎಂದೇ ತಿಳಿದು ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂದ ಮಾತ್ರಕ್ಕೆ ಮೈದಾನಕ್ಕೆ ಓಡಬೇಡಿ, ಅನುಮಾನವಿದ್ದರೆ ಎಂಆರ್‌ಐ ಬೇಕು. ನೋವು ಒಳ ಅಂಚಿನಲ್ಲಲ್ಲದೆ ಎಲುಬಿನ ಮುಂಭಾಗದ ನಟ್ಟನಡುವೆ ಇದ್ದರೆ ಇನ್ನೂ ಎಚ್ಚರ ಬೇಕು, ಅಲ್ಲಿನ ಬಿರುಕು ಕೂಡಿಕೊಳ್ಳುವುದು ಬಹಳ ನಿಧಾನ. ಇವೆರಡೂ ಅಲ್ಲದೆ, ಓಡಿದಾಗಲೆಲ್ಲ ಸರಿಯಾಗಿ ಅದೇ ಹೊತ್ತಿಗೆ ಕಾಲು ಬಿಗಿದು ಪಾದ ಜೋಮು ಹಿಡಿದು, ನಿಂತ ಕಾಲು ಗಂಟೆಯೊಳಗೆ ಸರಿಹೋಗುವುದಾದರೆ ಅದು ಸ್ನಾಯುವಿನ ಹೊದಿಕೆಯೊಳಗೆ ಒತ್ತಡ ಏರುವ ಬೇರೆಯೇ ತೊಂದರೆ. ಅದಕ್ಕೂ ತಜ್ಞರೇ ಬೇಕು.

ಶಿನ್ ಸ್ಪ್ಲಿಂಟ್ಸ್ ಎಂದಾದರೆ ಹತ್ತು ವಾರ ಸಾಕಾಗುತ್ತದೆ, ಆದರೆ ಮೊದಲ ಎರಡು ವಾರ ಓಡಲೇಬಾರದು. ಸೈಕಲ್ ತುಳಿಯಿರಿ, ಈಜು ಬಂದರೆ ಈಜಿ. ಎದೆಯ ಕಸುವು ಉಳಿಯುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿಲ್ಲ, ಒಂಟಿಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ ಎಂದಾದಾಗ ದಿನ ಬಿಟ್ಟು ದಿನ ಶುರು ಮಾಡಿ. ಐದು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಓಡಿ. ಮುಂದಿನ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಐದು ಸಲ. ಆಮೇಲಿನ ವಾರಗಳಲ್ಲಿ ಓಟ ಮೂರು ನಿಮಿಷ, ಐದು ನಿಮಿಷ ಎಂದು ಏರಿ ಏಳನೇ ವಾರಕ್ಕೆ ನಿಲ್ಲದೆ 20 ನಿಮಿಷ ತಲುಪಲಿ. ಓಡುವಾಗ ನೋವಿಗೆ ಹತ್ತರಲ್ಲಿ ಎರಡು ಅಂಕ ಕೊಡುವಷ್ಟಿದ್ದು ಮರುದಿನ ಬೆಳಿಗ್ಗೆ ಮಾಯವಾಗಿದ್ದರೆ ಮುಂದುವರಿಸಿ. ಅದಕ್ಕೂ ಹೆಚ್ಚಾದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಿ.

ಕೊನೆಯ ಮೂರು ವಾರ ವೇಗ, ಅದೂ ವಾರಕ್ಕೆ ಒಂದೇ ದಿನ. 1600 ಮೀಟರಿಗೆ 390 ಸೆಕೆಂಡ್ ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ 97.5 ಸೆಕೆಂಡ್. ನಾಲ್ಕು ಸುತ್ತನ್ನು 95–97ರಲ್ಲಿ ಓಡಿ, ನಡುನಡುವೆ ಮೂರು ನಿಮಿಷ ನಡೆಯಿರಿ. ದಿನಾ ಪೂರ್ತಿ 1600 ಮೀಟರನ್ನು ಮೈಮೇಲೆ ಬಂದವರಂತೆ ಓಡುವುದರಿಂದ ಬರುವ ಲಾಭ ತೀರಾ ಕಡಿಮೆ. ಪರೀಕ್ಷೆಯ ದಿನ ಹೆಚ್ಚಿನವರು ಎಡವುವುದು ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿ ಮೂರನೆಯದರಲ್ಲಿ ಕುಸಿಯುವುದರಿಂದ.

ಜೊತೆಗೆ ದಿನ ಬಿಟ್ಟು ದಿನ ಮೀನಖಂಡದ ವ್ಯಾಯಾಮ ಇರಲಿ. ಮಂಡಿ ನೇರವಿಟ್ಟು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ಅಷ್ಟೇ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ, ನೋಯುವ ಎಲುಬಿನ ಹಿಂದಿರುವ ಒಳಸ್ನಾಯುವಿಗೆ ಕೆಲಸ ಕೊಡುವುದು ಅದೇ. ಸುಲಭವಾದಾಗ ಬೆನ್ನಿನ ಚೀಲಕ್ಕೆ ಐದು ಕಿಲೋ ಅಕ್ಕಿ ಹಾಕಿಕೊಳ್ಳಿ. ಓಡುವಾಗ ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 156 ಬಂದರೆ ಅದನ್ನು 164ರವರೆಗೆ ಏರಿಸಿ, ವೇಗ ಹೆಚ್ಚಿಸದೆ. ಹೆಜ್ಜೆ ಚಿಕ್ಕದಾಗಿ ಪಾದ ದೇಹದ ಅಡಿಗೇ ಬೀಳುತ್ತದೆ, ಎಲುಬಿಗೆ ಬೀಳುವ ಪೆಟ್ಟು ತಗ್ಗುತ್ತದೆ. ಡಾಂಬರಿನ ಬದಲು ಶಾಲಾ ಮೈದಾನ ಹುಡುಕಿ, ಸುತ್ತುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ. ಎಣ್ಣೆ ತಿಕ್ಕುವುದಾದರೆ ಮೀನಖಂಡಕ್ಕೆ ತಿಕ್ಕಿ. ನೋಯುವ ಎಲುಬಿನ ಅಂಚನ್ನು ಹೆಬ್ಬೆರಳಿಂದ ಉಜ್ಜುವ ಉಪಚಾರ ಊರೂರಲ್ಲೂ ಇದೆ, ಅದರಿಂದ ಕೆರಳುವುದೇ ಹೆಚ್ಚು.

ಪ್ರಶ್ನೆ: ಗೃಹಿಣಿ, ವಯಸ್ಸು 46. ವಾಕಿಂಗ್ ಜೊತೆಗೆ ಸ್ವಲ್ಪ ಜಾಗಿಂಗ್ ಶುರು ಮಾಡಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದರು. ಆಪರೇಷನ್ ಬೇಕೇ? — ದಾವಣಗೆರೆ

ಉತ್ತರ: ಬೇಕಾಗುವ ಸಂಭವ ತೀರಾ ಕಡಿಮೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಹೀಗೆ ಬೆಳೆದ ಮೂಳೆಯ ಮುಳ್ಳು ಇರುತ್ತದೆ. ನೋಯುತ್ತಿರುವುದು ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಡಿ ಹಾಯುವ ಗಟ್ಟಿ ಪಟ್ಟಿ, ಪ್ಲಾಂಟಾರ್ ಫೇಶಿಯಾ. ನಮ್ಮ ಮನೆಗಳ ಗ್ರಾನೈಟ್, ಟೈಲ್ಸ್ ಮೇಲೆ ದಿನವಿಡೀ ಬರಿಗಾಲಲ್ಲಿ ನಿಂತು ಅಡುಗೆ ಮಾಡುವುದು ಇದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಒಳಗೆ ಹಾಕಲಿಕ್ಕೆಂದೇ ಮೆತ್ತನೆಯ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ, ಅಡುಗೆಮನೆಯಲ್ಲಂತೂ ಬಿಡಬೇಡಿ.

ಹಾಸಿಗೆಯಿಂದ ಇಳಿಯುವ ಮುಂಚೆ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಸೆಕೆಂಡ್ ಹಿಡಿಯಿರಿ, ಹೀಗೆ ಹತ್ತು ಸಲ. ದಿನ ಬಿಟ್ಟು ದಿನ ಮೆಟ್ಟಿಲಿನ ಅಂಚಿನಲ್ಲಿ, ಬೆರಳಡಿ ಸುತ್ತಿದ ಟವೆಲ್ ಇಟ್ಟು, ಗೋಡೆ ಹಿಡಿದು ಹಿಮ್ಮಡಿ ಎತ್ತಿ: ಮೂರು ಸೆಕೆಂಡ್ ಮೇಲಕ್ಕೆ, ಎರಡು ಸೆಕೆಂಡ್ ಅಲ್ಲೇ, ಮೂರು ಸೆಕೆಂಡ್ ಕೆಳಕ್ಕೆ, ಹನ್ನೆರಡು ಸಲ. ಎರಡು ಕಾಲಲ್ಲಿ ಶುರುಮಾಡಿ ಆಮೇಲೆ ಒಂಟಿಕಾಲಿಗೆ ಬನ್ನಿ. ಗುಣವಾಗಲು ಮೂರರಿಂದ ಆರು ತಿಂಗಳು ಹಿಡಿಯಬಹುದು. ತಿಂಗಳಿಗೇ ಬೇಸತ್ತು ಸ್ಟೀರಾಯ್ಡ್ ಚುಚ್ಚುಮದ್ದಿನ ಬೆನ್ನು ಹತ್ತಬೇಡಿ, ಪದೇ ಪದೇ ತೆಗೆದುಕೊಂಡರೆ ಆ ಪಟ್ಟಿಯೇ ಹರಿಯುವ ಅಪಾಯವಿದೆ.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿಯುವಾಗ ಓಡುತ್ತೇನೆ. ಮಂಡಿಚಿಪ್ಪಿನ ಸುತ್ತ ನೋವು. ಓಡಿದರೆ ಮಂಡಿ ಸವೆಯುತ್ತದೆಯಂತೆ, ನಿಜವೇ? — ಮೈಸೂರು

ಉತ್ತರ: ಹವ್ಯಾಸಕ್ಕೆ ಹಿತಮಿತವಾಗಿ ಓಡುವವರ ಮಂಡಿ, ಓಡದವರದ್ದಕ್ಕಿಂತ ಬೇಗ ಸವೆಯುವುದಿಲ್ಲ. ತೊಂದರೆ ಓಟದ್ದಲ್ಲ, ಸಾವಿರ ಮೆಟ್ಟಿಲ ಇಳಿತದ್ದು. ಹತ್ತಿಹೋಗಿ, ಬಸ್ಸಿನಲ್ಲಿ ಇಳಿದುಬನ್ನಿ, ನಾಚಿಕೆಪಡುವಂಥದ್ದೇನಲ್ಲ. ಆರು ವಾರ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು, ಗೇಣುದ್ದಕ್ಕಿಂತ ಚಿಕ್ಕ ಮೆಟ್ಟಿಲಿನಿಂದ ಒಂಟಿಕಾಲಲ್ಲಿ ನಿಧಾನವಾಗಿ ಇಳಿಯುವುದು, ಎರಡನ್ನೂ 12ರಂತೆ ಮೂರು ಸಲ ಮಾಡಿ. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಕನ್ನಡಿ ಮುಂದೆ ನೋಡಿಕೊಳ್ಳಿ. ಮಂಡಿ ಊದಿದರೆ, ಸಿಕ್ಕಿಕೊಂಡಂತಾದರೆ, ನಿಂತಲ್ಲೇ ಕುಸಿದರೆ ವೈದ್ಯರನ್ನು ಕಾಣಿ.

ಪ್ರಶ್ನೆ: ದುಬಾರಿ ಶೂ ಕೊಂಡರೆ ನೋವು ಬರುವುದಿಲ್ಲವೇ? ಬರಿಗಾಲಲ್ಲಿ ಓಡುವುದೇ ಒಳ್ಳೆಯದು ಎನ್ನುವವರೂ ಇದ್ದಾರೆ. — ಶಿವಮೊಗ್ಗ

ಉತ್ತರ: ಬೆಲೆ ನೋಡಿ ಕೊಳ್ಳಬೇಡಿ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ, ಓಡುವಾಗಿನ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ ನೋಡಿ, ಹಾಯೆನಿಸಿದ್ದೇ ನಿಮ್ಮ ಶೂ. 500ರಿಂದ 800 ಕಿ.ಮೀ. ಆದ ಮೇಲೆ ಅಡಿಯ ಮೆತ್ತೆ ಸತ್ತಿರುತ್ತದೆ, ಮೇಲೆ ಹೊಸದರಂತೆ ಕಂಡರೂ. ಬರಿಗಾಲ ಓಟ ಕೆಟ್ಟದ್ದೇನಲ್ಲ, ಆದರೆ ಶೂ ರೂಢಿಯಾದವರು ಥಟ್ಟನೆ ಬದಲಿಸಿದರೆ ಮಂಡಿಯ ಭಾರ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಕಟ್ಟಿದ ಸ್ನಾಯುರಜ್ಜಿಗೂ ವರ್ಗವಾಗಿ ಅಲ್ಲಿ ನೋವು ಶುರುವಾಗುತ್ತದೆ.

ಪ್ರಶ್ನೆ: ವಯಸ್ಸು 24. ತೂಕ ಇಳಿಸಲು ರಾತ್ರಿ ಊಟ ಬಿಟ್ಟು ದಿನಾ ಐದು ಕಿ.ಮೀ. ಓಡುತ್ತಿದ್ದೇನೆ. ಪಾದದ ಮೇಲ್ಭಾಗದಲ್ಲಿ ಒಂದೇ ಕಡೆ ನೋವು. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಇವೆರಡಕ್ಕೂ ಸಂಬಂಧವಿದೆಯೇ? — ಹುಬ್ಬಳ್ಳಿ

ಉತ್ತರ: ಇರಬಹುದು, ಅದಕ್ಕೇ ಇವತ್ತಿನಿಂದಲೇ ಓಟ ನಿಲ್ಲಿಸಿ. ಓಟಕ್ಕೆ ಖರ್ಚಾಗುವಷ್ಟು ಆಹಾರ ಸಿಗದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಇಳಿದಾಗ ಎಲುಬು ಸೊರಗುತ್ತದೆ. ಪಾದದ ಮೇಲೆ ಒಂದೇ ಬಿಂದುವಿನಲ್ಲಿ ನೋವಿದ್ದರೆ ಬಿರುಕಿನ ಅನುಮಾನ ಬರಲೇಬೇಕು. ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಿ. ಪಾದವನ್ನಷ್ಟೇ ತೋರಿಸಿ ಬಂದರೆ ಮೂಲ ತಪ್ಪಿಹೋಗುತ್ತದೆ. ಗರ್ಭಧಾರಣೆ, ಥೈರಾಯ್ಡ್, ಹಿಮೊಗ್ಲೋಬಿನ್, ವಿಟಮಿನ್ ಡಿ ಪರೀಕ್ಷೆಗಳಾಗಲಿ. ರಾತ್ರಿ ಊಟ ಮತ್ತೆ ಶುರು ಮಾಡಿ. ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಉಳಿದದ್ದು ಹಾಲು, ಮೊಸರು, ಎಳ್ಳಿನಿಂದ ಬರಲಿ. ಮುಟ್ಟು ಮರಳುವವರೆಗೆ ಕ್ಯಾಲ್ಸಿಯಂ ಮಾತ್ರೆಯೊಂದೇ ಎಲುಬನ್ನು ಕಾಯಲಾರದು.

ಪ್ರಶ್ನೆ: ಬೆಂಗಳೂರಿನಲ್ಲಿ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಕಾಲು ನೋಯದಂತೆ ಮೊದಲೇ ನೋವಿನ ಮಾತ್ರೆ ನುಂಗಬಹುದೇ? — ಕೋಲಾರ

ಉತ್ತರ: ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್ ತರಹದವು ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ತಗ್ಗಿಸುತ್ತವೆ, ಹೊಟ್ಟೆಯನ್ನೂ ಕೆರಳಿಸುತ್ತವೆ. ನಿಲ್ಲು ಎನ್ನುವ ನೋವನ್ನೂ ಮುಚ್ಚುತ್ತವೆ. ಮಾತ್ರೆಯಿಲ್ಲದೆ ಶುರುವಿನ ಗೆರೆಗೆ ಬರಲಾಗದಿದ್ದರೆ ಆ ಸಲದ ಓಟ ಬಿಡಿ. ಬಂದರೆ ಮೊದಲ ಎರಡು ಕಿ.ಮೀ. ನಿಮ್ಮ ಅಭ್ಯಾಸದ ವೇಗಕ್ಕಿಂತ ನಿಧಾನ ಓಡಿ, ನಡುವೆ ನಡೆಯಬೇಕೆನಿಸಿದರೆ ಎಡಕ್ಕೆ ಸರಿದು ನಡೆಯಿರಿ.