ಬಾಸೆಲ್ ಮಿಶನ್ ಕಾಲದ ಜರ್ಮನ್ ಅಜ್ಜನ ಮನೆತನವನ್ನು ಚರ್ಚಿನ ಹಳೆ ಪುಸ್ತಕಗಳಲ್ಲಿ ಹುಡುಕುವುದು ಹೇಗೆ?

ಹೆಂಚಿನ ಕಾರ್ಖಾನೆಗೆ ಬಂದ ಜರ್ಮನ್ ಅಜ್ಜ, ಕಪಾಟಿನಲ್ಲೊಂದು ಹಳೆ ಬೈಬಲ್, "ನಾವು ಅಲ್ಲಿಯ ದೊಡ್ಡ ಮನೆತನದವರಂತೆ" ಅನ್ನುವ ಅತ್ತೆ. ನಿಮ್ಮ ಪ್ರಶ್ನೆ ಓದುತ್ತಾ ಇದನ್ನು ಬರೆದದ್ದು ಆರು ವರ್ಷದ ಹಿಂದಿನ ನಾನೇ ಏನೋ ಅನ್ನಿಸಿತು. ಯಾವ ವೆಬ್‌ಸೈಟಿಗೆ ದುಡ್ಡು ಕಟ್ಟಲಿ, ಡಿಎನ್‌ಎ ಪರೀಕ್ಷೆ ಮಾಡಿಸಲಾ, ಮನೆತನದ ಲಾಂಛನ ಸಿಗುತ್ತಾ ಅಂತ ಕೇಳಿದ್ದೀರಿ. ಅದಕ್ಕೆಲ್ಲ ಆಮೇಲೆ ಬರುತ್ತೇನೆ. ನಾನು ಹದಿನಾಲ್ಕು ತಿಂಗಳು ಕೂತು ಬೇರೆ ಯಾರದೋ ಅಜ್ಜಂದಿರನ್ನು ಹುಡುಕಿದ ಕಥೆ ಮೊದಲು ಕೇಳಿ.

ನನ್ನ ಅಜ್ಜನ ಅಜ್ಜ ಜರ್ಮನಿಯವರು. ಮನೆಯಲ್ಲಿ ಎಲ್ಲರೂ 'ಜರ್ಮನ್ ಅಜ್ಜ' ಅಂತಲೇ ಕರೆಯುತ್ತಿದ್ದರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟೆಂಟ್ ಧರ್ಮಪ್ರಚಾರಕರ ಸಂಸ್ಥೆ) ಹೆಂಚಿನ ಕಾರ್ಖಾನೆ ಶುರುವಾಯಿತಲ್ಲ, ಅದಾದ ಮೂರು-ನಾಲ್ಕು ವರ್ಷಕ್ಕೆ ಯಂತ್ರದ ಕೆಲಸಕ್ಕೆ ಬಂದವರು. ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ಮಣ್ಣಾದರು. ನನ್ನ ಕೈಯಲ್ಲಿ ಇದ್ದದ್ದು ಎರಡೇ ಆಧಾರ. ಒಂದು, ಸಮಾಧಿಯ ಕಲ್ಲು. ಅದರಲ್ಲಿ ಯೋಹಾನ್ ಗೇಯೋರ್ಗ್ ಅಂತ ಹೆಸರಿದೆ, ಹುಟ್ಟಿದ ವರ್ಷ 183 ಅಂತ ಓದಬಹುದು, ಕೊನೆಯ ಅಂಕಿಯನ್ನು ಪಾಚಿ ತಿಂದಿದೆ. ಇನ್ನೊಂದು, ಬೈಬಲಿನ ಮೊದಲ ಹಾಳೆಯಲ್ಲಿ ಬರೆದ ಊರಿನ ಹೆಸರು. ನೆಕರ್ ನದಿಯ ಕಡೆಯ, ದ್ರಾಕ್ಷಿ ಬೆಳೆಯುವ ಒಂದು ಚಿಕ್ಕ ಹಳ್ಳಿ. ಮನೆತನದ ಹೆಸರು ಇಲ್ಲಿ ಬೇಡ. ಆ ಕಡೆ ಅದು ನಮ್ಮಲ್ಲಿ ಶೆಟ್ಟಿ ಇದ್ದ ಹಾಗೆ, ಓಣಿಗೆ ನಾಲ್ಕು ಮನೆ.

ಊರಿನ ಹೆಸರು ಇದ್ದದ್ದು ನನ್ನ ಪುಣ್ಯ. ಜರ್ಮನಿಯ ಉದ್ದಗಲಕ್ಕೂ ಸರ್ಕಾರಿ ಜನನ-ಮರಣ ನೋಂದಣಿ ಬಂದದ್ದೇ 1876ರ ಜನವರಿಯಲ್ಲಿ. ಅದಕ್ಕಿಂತ ಹಿಂದಿನವರ ವಿಷಯ ಬೇಕಿದ್ದರೆ ಆ ಊರಿನ ಚರ್ಚಿನ ಪುಸ್ತಕಗಳೇ ಗತಿ. ಊರು ಗೊತ್ತಿಲ್ಲದೆ ಬರೀ 'ಜರ್ಮನಿ' ಅಂದರೆ 'ಭಾರತದ ಕೃಷ್ಣಪ್ಪನವರ ಮಗ' ಅಂತ ಹುಡುಕಿದ ಹಾಗೆ. ಮಿಶನ್‌ನವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್ ಕೂಡ ಅಲ್ಲಿಯವರೇ. ನಿಘಂಟಿನ ಕಿಟ್ಟೆಲ್ ಮಾತ್ರ ಉತ್ತರದ ಕಡಲಂಚಿನವರು. ಆ ಕಡೆ ಹುಡುಕುವ ಕಷ್ಟವೇ ಬೇರೆ. ಅಲ್ಲಿ 19ನೇ ಶತಮಾನದ ಆರಂಭದವರೆಗೂ ಅಪ್ಪನ ಹೆಸರೇ ಮಕ್ಕಳಿಗೆ ಅಡ್ಡಹೆಸರು, ತಲೆಮಾರಿಗೊಮ್ಮೆ ಬದಲಾಗುತ್ತಿತ್ತು.

ವ್ಯೂರ್ಟೆಂಬರ್ಗಿನಲ್ಲಿ ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಬೇಕು ಅಂತ 1558ರಲ್ಲೇ ಆಜ್ಞೆ ಆಗಿತ್ತು. ಆ ಪುಸ್ತಕಗಳಲ್ಲಿ ಬಹುಪಾಲು ಈಗ ಆರ್ಕಿಯನ್ ಅನ್ನುವ ತಾಣದಲ್ಲಿ ಫೋಟೋ ಆಗಿ ಸಿಗುತ್ತವೆ. ನಾನು ಬೆಂಗಳೂರಲ್ಲಿ ಕೂತು ಒಂದು ತಿಂಗಳ ಪಾಸ್ ಕೊಂಡೆ. ಹೆಸರು ಟೈಪ್ ಮಾಡಿದರೆ ಅಜ್ಜ ಬಂದು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಹಾಗೆಲ್ಲ ಏನೂ ಇಲ್ಲ. ಊರು ತೆರೆಯಬೇಕು, ಪುಸ್ತಕ ತೆರೆಯಬೇಕು, ಪುಟ ತಿರುಗಿಸುತ್ತಾ ಓದಬೇಕು. ಓದೋಣ ಅಂದರೆ ಅದು ಕುರೆಂಟ್ ಅನ್ನುವ ಹಳೆ ಕೈಬರಹ. ಹುಬ್ಬಳ್ಳಿ-ಧಾರವಾಡದ ಕಡೆ ಹಳೆ ಕಾಗದಪತ್ರದಲ್ಲಿ ಮೋಡಿ ಲಿಪಿ ಇರುತ್ತಲ್ಲ, ಹಾಗೆ. ಭಾಷೆ ಬಂದರೂ ಅಕ್ಷರ ಹತ್ತಲ್ಲ. 'e' ಬರೆದರೆ 'n' ಥರ ಕಾಣುತ್ತೆ. ನನಗೋ ಭಾಷೆಯೂ ಅಷ್ಟಕ್ಕಷ್ಟೇ. ನಮ್ಮ ಮನೆಯವರ ಹೆಸರುಗಳನ್ನೆಲ್ಲ ಆ ಅಕ್ಷರದಲ್ಲಿ ಬರೆದು ಬರೆದು ಕಲಿತೆ. ಹೆಂಗಸರ ಅಡ್ಡಹೆಸರಿಗೆ 'ಇನ್' ಅಂತ ಬಾಲ ಸೇರಿಸುತ್ತಾರೆ ಅಂತ ತಿಳಿಯೋಕೇ ಒಂದು ವಾರ ಹಿಡಿಯಿತು. ಮ್ಯುಲರ್ ಮನೆಯ ಹುಡುಗಿ ಮ್ಯುಲರಿನ್ ಆಗುತ್ತಾಳೆ. ನಾನು ಅದು ಬೇರೆ ಮನೆತನ ಅಂದುಕೊಂಡಿದ್ದೆ.

ಇಪ್ಪತ್ತೆರಡನೇ ದಿನ, ರಾತ್ರಿ ಒಂದೂವರೆಗೆ ಸಿಕ್ಕಿಬಿಟ್ಟರು. 1838ರ ಫೆಬ್ರವರಿ 11. ಯೋಹಾನ್ ಗೇಯೋರ್ಗ್. ನಮ್ಮದೇ ಅಡ್ಡಹೆಸರು. ಅಪ್ಪನ ಹೆಸರಿನ ಮುಂದೆ 'ಶುಲ್ಟ್‌ಹೈಸ್' ಅಂತಿತ್ತು. ಅಂದರೆ ಊರಿನ ಪಟೇಲ! ಅತ್ತೆ ಹೇಳುತ್ತಿದ್ದ ದೊಡ್ಡ ಮನೆತನ ನಿಜ ಆಯ್ತಲ್ಲ ಅಂತ ಬೆಳಿಗ್ಗೆ ಆರಕ್ಕೇ ಜೆಪ್ಪುವಿನ ದೊಡ್ಡಪ್ಪನಿಗೆ ಫೋನ್ ಮಾಡಿದೆ.

ಅಲ್ಲಿಂದ ಹಿಂದಕ್ಕೆ ಓಟ. ಪಟೇಲರ ಮನೆಯಾದ್ದರಿಂದ ದಾಖಲೆ ಚೊಕ್ಕ. ಅಪ್ಪನ ಮದುವೆ, ಅಜ್ಜನ ಮದುವೆ, ಮುತ್ತಜ್ಜನದು, ಹೀಗೆ 1650ರ ತನಕ ಹೋದೆ. ಅದಕ್ಕಿಂತ ಹಿಂದೆ ಪುಸ್ತಕವೇ ಇಲ್ಲ. ಮೂವತ್ತು ವರ್ಷದ ಯುದ್ಧದಲ್ಲಿ, 1634ರ ನೋರ್ಡ್‌ಲಿಂಗನ್ ಕದನ ಆದಮೇಲೆ, ಆ ಸೀಮೆಯ ಎಷ್ಟೋ ಹಳ್ಳಿಗಳ ಜೊತೆ ಪುಸ್ತಕಗಳೂ ಸುಟ್ಟುಹೋದವು. ಸರಿಯಾಗಿ ಇನ್ನೂರು ವರ್ಷ ಬಿಟ್ಟು, 1834ರಲ್ಲಿ, ಮಿಶನ್‌ನ ಮೊದಲ ಮೂವರು ಮಂಗಳೂರಿಗೆ ಬಂದರು. ಇದನ್ನೂ ಚಾರ್ಟಿನಲ್ಲಿ ಬರೆಸಿದ್ದೆ. ಹೌದು, ಚಾರ್ಟ್ ಮಾಡಿಸಿದ್ದೆ. ಮೂರಡಿ ಅಗಲ, ಕಟ್ಟು ಹಾಕಿಸಿ, ಕ್ರಿಸ್ಮಸ್‌ಗೆ ದೊಡ್ಡಪ್ಪನಿಗೆ ಕೊಟ್ಟೆ. ಅವರು ಅದನ್ನು ಹಜಾರದಲ್ಲಿ ತೂಗುಹಾಕಿ ಸಭಾಪಾಲಕರಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವ ಹುಡುಗನ ತನಕ ಎಲ್ಲರಿಗೂ ತೋರಿಸಿದರು.

ಈಗ ತಪ್ಪಿನ ವಿಷಯ. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ನನ್ನ ಹದಿನಾಲ್ಕು ತಿಂಗಳು ಹೋದದ್ದು ಇಲ್ಲೇ.

1660ರ ಸುಮಾರಿನ ಒಂದು ಪದ ಓದಲಾಗದೆ ಜರ್ಮನಿಯ ಒಬ್ಬ ಹಿರಿಯ ಹೆಂಗಸಿಗೆ ಬರೆದೆ. ಹಳೆ ಕೈಬರಹ ಓದಿಕೊಡುವುದು ಅವರ ಹವ್ಯಾಸ. ಹೆಮ್ಮೆಯಿಂದ ನನ್ನ ಪಟ್ಟಿಯನ್ನೂ, ಆ 1838ರ ಪುಟದ ಚಿತ್ರವನ್ನೂ ಜೊತೆಗೆ ಕಳಿಸಿದ್ದೆ. ಅವರ ಉತ್ತರ ಎರಡೇ ಸಾಲು. ಆ ಪದದ ಅರ್ಥ ಒಂದು ಸಾಲಿನಲ್ಲಿ. ಎರಡನೇ ಸಾಲಿನಲ್ಲಿ: "ನೀವು ಈ ಮಗುವಿನ ವಂಶದವರು ಅಂತೀರಿ. ಆದರೆ ಈ ಮಗು ಸತ್ತಿದೆಯಲ್ಲ?"

ಆ ಪುಟದ ಅಂಚಿನಲ್ಲಿ, ಮಗುವಿನ ಹೆಸರಿನ ಪಕ್ಕ, ಒಂದು ಸಣ್ಣ ಶಿಲುಬೆ ಇತ್ತು. ಅದರ ಮುಂದೆ ಏನೋ ಗೀಚಿದ ಹಾಗಿತ್ತು. ನಾನು ಅದನ್ನು ನೋಡಿಲ್ಲ ಅಂತಲ್ಲ. ನೋಡಿದ್ದೆ. ಚರ್ಚಿನ ಪುಸ್ತಕ, ಶಿಲುಬೆ ಇರದೆ ಇನ್ನೇನು ಇರುತ್ತೆ ಅಂತ ಸುಮ್ನೆ ಮುಂದೆ ಹೋಗಿದ್ದೆ! ಹೆಸರಿನ ಪಕ್ಕ ಶಿಲುಬೆ ಅಂದರೆ ತೀರಿಕೊಂಡಿದ್ದಾರೆ ಅಂತ. ಗೀಚಿದ್ದು ತಾರೀಖು. ಅದೇ ವರ್ಷದ ಸಾವಿನ ಪುಸ್ತಕ ತೆರೆದರೆ ಹತ್ತೇ ನಿಮಿಷಕ್ಕೆ ಸಿಕ್ಕಿತು. 1838ರ ಜೂನ್ 13, ನಾಲ್ಕು ತಿಂಗಳ ಕೂಸು, ಕಾರಣ 'ಗಿಷ್ಟರ್'. ನಮ್ಮ ಅಜ್ಜಿಯಂದಿರು ಬಾಲಗ್ರಹ ಅನ್ನುತ್ತಿದ್ದರಲ್ಲ, ಅದೇ. ಆ ಕಾಲದ ವ್ಯೂರ್ಟೆಂಬರ್ಗಿನಲ್ಲಿ ಹುಟ್ಟಿದ ಮೂರು ಮಕ್ಕಳಲ್ಲಿ ಹತ್ತಿರ ಹತ್ತಿರ ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿತ್ತು. ಅದೇ ಹೆಸರನ್ನು ಮುಂದಿನ ಮಗುವಿಗೆ ಮತ್ತೆ ಇಡುತ್ತಿದ್ದರು. ಯೋಹಾನ್‌ಗಳು ಮನೆಗೆ ಮೂರು. ಇಂಥ ಜಾಗದಲ್ಲಿ ಹೆಸರು ಹೊಂದಿತು ಅಂದಾಕ್ಷಣ 'ಸಿಕ್ಕಿದರು' ಅಂದೆನಲ್ಲ, ನನಗೆ ಬುದ್ಧಿ ಬೇಡವಾ?

ಅದೂ ಹೋಗಲಿ. ಇದಕ್ಕೆ ಅಂತಲೇ ಅಲ್ಲಿ ಇನ್ನೊಂದು ಪುಸ್ತಕ ಇದೆ, ಫ್ಯಾಮಿಲಿಯನ್‌ರೆಗಿಸ್ಟರ್ ಅಂತ. 1808ರಿಂದ ವ್ಯೂರ್ಟೆಂಬರ್ಗಿನ ಚರ್ಚುಗಳಲ್ಲಿ ಇಡುತ್ತಾ ಬಂದರು. ಒಂದು ಸಂಸಾರಕ್ಕೆ ಒಂದು ಪುಟ. ಮೇಲೆ ಗಂಡ-ಹೆಂಡತಿ, ಇಬ್ಬರ ಅಪ್ಪ-ಅಮ್ಮ. ಕೆಳಗೆ ಮಕ್ಕಳು ಸಾಲಾಗಿ, ಪ್ರತಿಯೊಬ್ಬರದೂ ಹುಟ್ಟು, ದೃಢೀಕರಣ (ಸ್ವಲ್ಪ ದೊಡ್ಡವರಾದ ಮೇಲೆ ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ), ಮದುವೆ, ಸಾವು. ನಮ್ಮ ರೇಷನ್ ಕಾರ್ಡಿನ ಅಣ್ಣ ಅನ್ನಿ. ಅದನ್ನು ತೆರೆದಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು, ಪಟೇಲರ ಆ ಮಗನ ಸಾಲಿನಲ್ಲಿ ದೃಢೀಕರಣದ ಜಾಗ ಖಾಲಿ, ಸಾವಿನ ಜಾಗ ಭರ್ತಿ. ನಾನು ತೆರೆಯಲಿಲ್ಲ. ಅಪ್ಪ-ಅಮ್ಮನ ಹೆಸರು ಸಿಕ್ಕಿತಲ್ಲ, ಇನ್ನು ಹಿಂದಕ್ಕೆ ಹೋಗೋಣ ಅನ್ನುವ ಆತುರ. ಹಿಂದಕ್ಕೆ ಓಡುವ ಮೊದಲು ಆ ಮಗು ಮುಂದೆ ಏನಾಯಿತು, ಬದುಕಿತಾ, ದೊಡ್ಡವನಾದನಾ, ಊರು ಬಿಟ್ಟನಾ ಅಂತ ನೋಡಬೇಕಿತ್ತು. ಮೊದಲು ಸಾವಿನ ಪುಸ್ತಕ, ಆಮೇಲೆ ಮಿಕ್ಕಿದ್ದು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಸರಿಯಾದ ಅಜ್ಜನನ್ನೂ ನಾನು ಅವತ್ತೇ ನೋಡಿದ್ದೆ. ಅದೇ ಪುಸ್ತಕದಲ್ಲಿ ಐದಾರು ಪುಟ ಮುಂದೆ, 1839ರ ಮಾರ್ಚ್ 9ರಂದು ಹುಟ್ಟಿದ ಇನ್ನೊಬ್ಬ ಯೋಹಾನ್ ಗೇಯೋರ್ಗ್ ಇದ್ದ. ಅಡ್ಡಹೆಸರು ಅದೇ, ಯಾಕೆಂದರೆ ಅದು ಅವನ ತಾಯಿಯದು. ಅಪ್ಪನ ಜಾಗ ಖಾಲಿ. ಮದುವೆಯಿಲ್ಲದೆ ಹುಟ್ಟಿದ ಮಗು ಅಂತ ಪಾದ್ರಿ ಬರೆದಿದ್ದರು. 'ಛೇ, ನಮ್ಮವರು ಇವರಿರಲಿಕ್ಕಿಲ್ಲ' ಅಂತ ಪುಟ ತಿರುಗಿಸಿದ್ದೆ. ಪಟೇಲರ ಮಗ ಇದ್ದಾಗ ಕೂಲಿಯವಳ ಮಗನನ್ನು ಯಾರು ಆರಿಸಿಕೊಳ್ಳುತ್ತಾರೆ ಹೇಳಿ. ಶಿಲುಬೆ ಕಣ್ಣಿಗೆ ಬಿದ್ದರೂ ತಲೆಗೆ ಹೋಗದೆ ಇದ್ದದ್ದು ಇದೇ ಕಾರಣಕ್ಕೆ ಅಂತ ಈಗ ಅನ್ನಿಸುತ್ತೆ.

ಮಾರ್ಚ್ 9 ಅಂತ ಖಚಿತ ಆದದ್ದು ಎಲ್ಲಿ ಗೊತ್ತಾ? ಮಂಗಳೂರಿನಲ್ಲಿ. ನಮ್ಮ ಚರ್ಚಿನ ಹಳೆ ಮದುವೆ ಪುಸ್ತಕದಲ್ಲಿ, ಹುಟ್ಟಿದ ದಿನ, ಊರು, ತಾಯಿಯ ಹೆಸರು ಎಲ್ಲ ಇತ್ತು. ದೊಡ್ಡಪ್ಪನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ನಾನು ಮಾತ್ರ ಜರ್ಮನಿಯ 1650ರಲ್ಲಿ ಅಲೆಯುತ್ತಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ. ಯಾವ ಜರ್ಮನ್ ತಾಣಕ್ಕೆ ದುಡ್ಡು ಕಟ್ಟಲಿ ಅಂತ ಕೇಳುತ್ತಿದ್ದೀರಿ. ಇವತ್ತು ಯಾವುದಕ್ಕೂ ಕಟ್ಟಬೇಡಿ. ಮೊದಲು ನಿಮ್ಮ ಊರಿನ ಚರ್ಚಿನ ಮದುವೆ, ಸಾವಿನ ಪುಸ್ತಕ ನೋಡಿ. ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಶನ್‌ನ ಹಳೆ ದಾಖಲೆಗಳ ಭಂಡಾರ ಇದೆ, ಅಲ್ಲಿ ಕೇಳಿ. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ 21ರ (ಬಾಸೆಲ್ ಮಿಶನ್‌ನ ಈಗಿನ ಉತ್ತರಾಧಿಕಾರಿ ಸಂಸ್ಥೆ) ದಾಖಲಾಲಯಕ್ಕೆ ಮೇಲ್ ಮಾಡಿ. ಮಿಶನ್ ಕಳಿಸಿದವರ ಪಟ್ಟಿ ಅವರ ಹತ್ತಿರ ಇದೆ. ಅಲ್ಲಿಂದ ಊರು, ಹುಟ್ಟಿದ ತಾರೀಖು ಸಿಕ್ಕಮೇಲೆ ನಿಮ್ಮ ಅಜ್ಜ ಪ್ರೊಟೆಸ್ಟೆಂಟ್ ಊರಿನವರಾದರೆ ಆರ್ಕಿಯನ್, ಕ್ಯಾಥೊಲಿಕ್ ಆದರೆ ಮ್ಯಾಟ್ರಿಕುಲಾ ಅನ್ನುವ ತಾಣ. ಎರಡನೆಯದು ಪುಕ್ಕಟೆ.

ಡಿಎನ್‌ಎ? ಅಜ್ಜನ ಅಜ್ಜನಿಂದ ನಮಗೆ ಬಂದಿರುವುದು ಸರಾಸರಿ ಹದಿನಾರರಲ್ಲಿ ಒಂದು ಪಾಲು. ಆರು ಪರ್ಸೆಂಟ್ ಯುರೋಪು ಅಂತ ಒಂದು ಬಣ್ಣದ ನಕ್ಷೆ ಬರಬಹುದು, ಹಳ್ಳಿಯ ಹೆಸರು ಬರಲ್ಲ. ಆ ದುಡ್ಡಲ್ಲಿ ಮಂಗಳೂರಿಗೆ ಎರಡು ಸಲ ಬಸ್ಸಲ್ಲಿ ಹೋಗಿ ಬನ್ನಿ.

ಲಾಂಛನದ ಆಸೆ ಬಿಡಿ. ಅಡ್ಡಹೆಸರು ಕೊಟ್ಟರೆ ಸಿಂಹ, ಹದ್ದು ಹಾಕಿ ಮಾರುವವರು ಇದ್ದಾರೆ. ಮಿಶನ್‌ಗೆ ಸೇರಿ ಬಂದವರು ಹೆಚ್ಚಾಗಿ ರೈತರ, ನೇಕಾರರ, ಕಸುಬುದಾರರ ಮಕ್ಕಳು. ಇನ್ನು ನಿಮ್ಮ ಕುಟುಂಬದಲ್ಲಿ ಜರ್ಮನ್ ಹೆಸರುಗಳಿವೆ, ಆದ್ದರಿಂದ ರಕ್ತವೂ ಜರ್ಮನ್ ಅಂತ ಬರೆದಿದ್ದೀರಲ್ಲ, ಅದೂ ಗ್ಯಾರಂಟಿ ಅಲ್ಲ. 1844ರಲ್ಲಿ ಮೋಗ್ಲಿಂಗ್ ಕೈಯಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಹೆಸರಿಗೂ ಹರ್ಮನ್ ಸೇರಿಕೊಂಡಿತು. ಅದು ಮೋಗ್ಲಿಂಗರ ಹೆಸರು. ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು.

ನನ್ನ ಕಥೆಗೆ ಬಂದರೆ, ಆ ತಾಯಿ ಊರಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದವಳು, ನೇಕಾರನ ಮಗಳು. ಆಗ ಅಲ್ಲಿ ಕೈಯಲ್ಲಿ ಕಾಸಿಲ್ಲದವರು ಮದುವೆಯಾಗಬೇಕಿದ್ದರೆ ಊರಿನ ಆಡಳಿತದ ಒಪ್ಪಿಗೆಯೂ ಬೇಕಿತ್ತು. ಸಿಗದೇ ಹೋದರೆ ಮಕ್ಕಳು ಹೀಗೆಯೇ ದಾಖಲಾಗುತ್ತಿದ್ದವು. ಮೂರು ವರ್ಷದ ನಂತರ ಅವಳು ಒಬ್ಬ ದಿನಗೂಲಿಯವನನ್ನು ಮದುವೆಯಾದಳು. ಅವನೇ ಮಗುವಿನ ಅಪ್ಪನಾ ಅಂತ ಯಾವ ಪುಸ್ತಕವೂ ಹೇಳಲಿಲ್ಲ. ಆದರೆ ಆ ಸಂಸಾರದ ಪುಟದಲ್ಲಿ, ಮಕ್ಕಳ ಪಟ್ಟಿಯ ಮೇಲೆ, 'ಮದುವೆಗೆ ಮುಂಚೆ' ಅಂತ ಗೆರೆ ಎಳೆದು ನಮ್ಮ ಅಜ್ಜನ ಹೆಸರಿದೆ. ಹುಟ್ಟಿದ್ದು 1839, ದೃಢೀಕರಣ 1853. ಮದುವೆಯ ಜಾಗ, ಸಾವಿನ ಜಾಗ ಎರಡೂ ಖಾಲಿ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಎರಡೇ ಪದ: 'ಇನ್ ಓಸ್ಟ್‌ಇಂಡಿಯನ್'. ಈಸ್ಟ್ ಇಂಡೀಸ್‌ನಲ್ಲಿದ್ದಾನೆ, ಅಂದರೆ ನಮ್ಮ ಭಾರತದಲ್ಲಿ.

ದೊಡ್ಡಪ್ಪ ಆ ಚಾರ್ಟನ್ನು ಇನ್ನೂ ಗೋಡೆಯಿಂದ ತೆಗೆದಿಲ್ಲ. ಕಟ್ಟು ಹಾಕಿಸೋಕೇ ಎಷ್ಟು ಖರ್ಚಾಗಿದೆ, ಇರಲಿ ಬಿಡು ಅನ್ನುತ್ತಾರೆ. ನೀವು ಬೈಬಲಿನ ಮೊದಲ ಹಾಳೆಯ ಫೋಟೋ ಇಲ್ಲಿ ಹಾಕಿ. ಊರಿನ ಹೆಸರು ಓದಿಕೊಡೋಕೆ ನೋಡುತ್ತೇನೆ.